ಹಸಿರು ಮಣಿಯ ಗಾಜು

ಜನವರಿ ೯

ಪ್ರೀತಿಯ ಬುಗುರಿ,

ಪೆಟ್ಟಿಗೆಗೆ ಕೈ ಹಾಕುವ ಮೊದಲು ಈ ಕಾಗದ ಓದು. ಹತ್ತಿಯ ಕೆಳಗೆ ಗಾಜಿದೆ. ಚಿಕ್ಕಂದಿನಲ್ಲಿ ಆಟಿಕೆಯ ಪೊಟ್ಟಣ ಕಿತ್ತ ಹಾಗೆ ಕಿತ್ತರೆ ನನ್ನ ಇಷ್ಟು ದಿನಗಳ ಕೆಲಸ ನಿನ್ನ ಅಂಗೈಯಲ್ಲೇ ಚೂರಾಗುತ್ತದೆ.

ನೀನು ಕಳಿಸಿದ ಚಿತ್ರಗಳನ್ನು ಬೆಂಚಿನ ಎದುರಿನ ಗೋಡೆಗೆ ಅಂಟಿಸಿಕೊಂಡೆ. ಇದುವರೆಗೆ ನಾನು ಮಾಡಿದ್ದೆಲ್ಲ ಕಾಲೇಜುಗಳ ಪ್ರಯೋಗಶಾಲೆಗೆ ಬೇಕಾದ ಫ್ಲಾಸ್ಕು, ನಳಿಕೆ, ಆವಿ ತಣಿಸುವ ಸುರುಳಿ. ಮನುಷ್ಯನ ತಲೆಯೊಳಗಿನ ರಕ್ತನಾಳ ಇದೇ ಮೊದಲು. ಯಾವ ತಿರುವೂ ಇನ್ನೊಂದರಂತಿಲ್ಲ. ಎಲ್ಲಿ ಸಣ್ಣದಾಗಬೇಕು, ಎಲ್ಲಿ ಬಾಗಬೇಕು ಎಂದು ಪ್ರತಿ ಸಲವೂ ಗೋಡೆಯತ್ತ ಕತ್ತೆತ್ತಬೇಕು. ಕೊನೆಯಲ್ಲಿ, ಎರಡು ಕವಲು ಒಡೆಯುವ ಕಡೆ, ನಾಳದ ಗೋಡೆ ಉಬ್ಬಿ ಗುಳ್ಳೆಯಾಗಿದೆಯಲ್ಲ, ಅದನ್ನು ಮಾತ್ರ ಉಪಕರಣದಿಂದ ಮಾಡಲು ಬರುವುದಿಲ್ಲ. ಗಾಜನ್ನು ಕೆಂಪಗೆ ಕಾಯಿಸಿ, ನಳಿಕೆಗೆ ಬಾಯಿಟ್ಟು, ಒಂದೇ ಒಂದು ಸಣ್ಣ ಉಸಿರು. ಸ್ವಲ್ಪ ಹೆಚ್ಚಾದರೆ ಒಡೆಯಿತು.

ನಿನ್ನ ಭಾವ ಬಸ್ಸು ಡಿಪೋದಲ್ಲಿ ಬಿಟ್ಟು ಬಂದವರೇ ಇದನ್ನು ಬೆಳಕಿಗೆ ಹಿಡಿದು ನೋಡಿದರು. "ಈ ತಿರುವಿಗೆ ನಾನಾಗಿದ್ರೆ ಎರಡನೇ ಗೇರು. ನಿನ್ನ ತಮ್ಮ ಯಾವ ಗೇರಲ್ಲಿ ಹೋಗ್ತಾನಂತೆ?" ಎಂದರು. ಉತ್ತರ ಬರೆ.

ಈ ನಾಳ ಯಾರದು? ನೀನು ಹೆಸರು ಹೇಳಲಾರೆ ಎಂದು ಗೊತ್ತು. ನಾನೇ ಒಂದು ಹೆಸರಿಟ್ಟಿದ್ದೇನೆ: ಬುಗುಟಪ್ಪ. ದಪ್ಪ ಮೀಸೆ, ಸಿಡುಕು ಸ್ವಭಾವ, ಡಾಕ್ಟರ ಮಾತು ಕೇಳದ ಮನುಷ್ಯ ಎಂದು ನನ್ನ ಊಹೆ. ಕಳೆದ ವರ್ಷ ನಾನು ನಿನ್ನಲ್ಲಿಗೆ ಬಂದಾಗ, ಹೊಸ ಯಂತ್ರ ಪರೀಕ್ಷಿಸಲು ಆರೋಗ್ಯವಂತರ ತಲೆ ಬೇಕು ಎಂದು ನನ್ನನ್ನು ಆ ಸುರಂಗದಂಥದ್ದರೊಳಗೆ ಮಲಗಿಸಿದ್ದೆಯಲ್ಲ. ಹೊರಬಂದ ಮೇಲೆ "ಏನೂ ಇಲ್ಲ ಕಣೆ ಅಕ್ಕ, ಒಳಗೆಲ್ಲ ಖಾಲಿ" ಅಂದಿದ್ದೆ. ಪಾಪ, ಬುಗುಟಪ್ಪನವರಿಗೆ ಅಂಥ ಮಾತು ಕೇಳುವ ಅದೃಷ್ಟ ಬರಲಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಇಷ್ಟು ವರ್ಷ ಬರ್ನರಿನ ಮೊರೆತ ಕೇಳಿದ ನನ್ನ ಕಿವಿಗೆ ಫೋನಿನ ದನಿ ಡಬ್ಬಿಯೊಳಗಿನ ನೊಣದ ಹಾಗೆ. ಮಾತಾಡಬೇಕೆನಿಸಿದರೆ ನಿನ್ನ ಭಾವನ ಹತ್ತಿರ ಮಾತಾಡು. ನನಗೆ ಬರೆ. ಗಾಜಿನ ಜೊತೆ ಕಾಗದವೂ ಪ್ರಯಾಣ ಮಾಡಲಿ.

ನಿನ್ನ
ಅಕ್ಕ


ಜನವರಿ ೨೭

ಅಕ್ಕ,

ಗಾಜು ಕೂದಲೆಳೆಯಷ್ಟೂ ಬಿರುಕಿಲ್ಲದೆ ಬಂತು. ಲ್ಯಾಬಿನವರೆಲ್ಲ ಸುತ್ತ ನಿಂತು ನೋಡಿದರು. ಲ್ಯಾಬಿನ ಮುಖ್ಯಸ್ಥರು, ನಮ್ಮ ದೊಡ್ಡವರು, ಸಾಮಾನ್ಯವಾಗಿ ಯಾವುದನ್ನೂ ಹೊಗಳುವವರಲ್ಲ. ಅವರೇ "ಇದನ್ನು ಮಾಡಿದವರ ಕೈ ನನಗೆ ಬೇಕು" ಎಂದರು. ಕೈ ಅಕ್ಕನ ಹತ್ತಿರವೇ ಇರುತ್ತದೆ, ಕೆಲಸ ಮಾತ್ರ ಸಿಗುತ್ತದೆ ಎಂದೆ.

ಒಂದೇ ತೊಂದರೆ. ಎಡ-ಬಲ ಅದಲುಬದಲಾಗಿದೆ. ನೀನು ಕನ್ನಡಿಯಲ್ಲಿ ಮುಖ ನೋಡಿಕೊಂಡ ಹಾಗೆ ಚಿತ್ರವನ್ನು ಓದಿದ್ದೀಯೆ. ತಲೆಯ ಸ್ಕ್ಯಾನನ್ನು ಹಾಗೆ ಓದಬಾರದು. ರೋಗಿ ಮಲಗಿದ್ದಾರೆ, ನೀನು ಅವರ ಕಾಲಿನ ಕಡೆ ನಿಂತು ನೋಡುತ್ತಿದ್ದೀಯೆ ಎಂದುಕೋ. ಆಗ ಚಿತ್ರದ ಬಲಭಾಗ ಅವರ ಎಡಭಾಗ. ಗುಳ್ಳೆ ಇರುವುದು ಎಡಗಡೆ. ಹೊಸಬರೆಲ್ಲ ಮಾಡುವ ತಪ್ಪು ಇದು, ಬೇಸರ ಬೇಡ. ಇದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳುತ್ತೇವೆ. ಇನ್ನೊಂದು ಮಾಡಿಕೊಡು.

ಭಾವನ ಪ್ರಶ್ನೆಗೆ ಉತ್ತರ: ನಮ್ಮದರಲ್ಲಿ ಗೇರೂ ಇಲ್ಲ, ಎಂಜಿನ್ನೂ ಇಲ್ಲ. ಧೂಳಿನ ಕಣದಷ್ಟು ಚಿಕ್ಕದಾದ ಒಂದು ತಿರುಪು. ಅದರ ಮೈಗೆ ಕಬ್ಬಿಣದ ಲೇಪ. ಸುತ್ತ ತಂತಿಯ ಸುರುಳಿಗಳು. ಸುರುಳಿಗಳಲ್ಲಿ ವಿದ್ಯುತ್ತು ಹರಿಸಿ ಅಯಸ್ಕಾಂತದ ಸೆಳೆತವನ್ನು ತಿರುಗಿಸಿದರೆ ತಿರುಪೂ ತಿರುಗುತ್ತದೆ, ತಿರುಗಿದರೆ ಮುಂದೆ ಹೋಗುತ್ತದೆ. ಅಂಥವು ಒಂದು ಹಿಂಡು ರಕ್ತದೊಳಗೆ ಈಜುತ್ತಾ ಹೋಗಿ ಆ ಗುಳ್ಳೆಯೊಳಗೆ ಸೇರಿ, ಹೊತ್ತು ತಂದ ಮದ್ದನ್ನು ಬಿಟ್ಟು ಅದನ್ನು ಒಳಗಿನಿಂದಲೇ ಮುಚ್ಚಬೇಕು. ತಲೆಬುರುಡೆ ತೆರೆಯುವುದು ಬೇಡ, ಗರಗಸ ಬೇಡ. ನನಗೆ ಬುಗುರಿ ಎಂದು ಹೆಸರಿಟ್ಟವಳು ನೀನು. ನೋಡು, ಕೊನೆಗೂ ಬುಗುರಿ ಆಡಿಸುವುದೇ ನನ್ನ ಉದ್ಯೋಗವಾಯಿತು.

ಇನ್ನೊಂದು ವಿಷಯ. ರಕ್ತಕ್ಕೆ ಬದಲಾಗಿ ನಾವು ಬಳಸುವ ದ್ರವದ ತೊಟ್ಟಿಯಲ್ಲಿ ಮುಳುಗಿಸಿದ ಕೂಡಲೇ ನಿನ್ನ ಗಾಜು ಕಣ್ಣಿಗೆ ಕಾಣುವುದೇ ಇಲ್ಲ, ಕರಗಿದ ಹಾಗೆ ಮಾಯವಾಗುತ್ತದೆ. ಬಾಯಿ ಎಲ್ಲಿದೆ ಎಂದು ತಡಕಾಡುವಂತಾಯಿತು. ಪ್ರವೇಶದ ಹತ್ತಿರ ಒಂದು ಬಣ್ಣದ ಮಣಿ ಕೂಡಿಸಲು ಆಗುತ್ತದೆಯೇ? ಪ್ರತಿಯೊಂದಕ್ಕೂ ಬೇರೆ ಬಣ್ಣ ಇರಲಿ.

ರೋಗಿಯ ಬಗ್ಗೆ ಏನೂ ಹೇಳುವಂತಿಲ್ಲ.

ಬುಗುರಿ


ಫೆಬ್ರವರಿ ೧೬

ಪ್ರೀತಿಯ ಬುಗುರಿ,

ಕಾಲಿನ ಕಡೆ ನಿಂತೇ ನೋಡಿದೆ. ನಿನ್ನ ಭಾವನನ್ನು ಮಂಚದ ಮೇಲೆ ಮಲಗಿಸಿ, ಅವರ ಪಾದದ ಹತ್ತಿರ ನಿಂತು, ನಿನ್ನ ಚಿತ್ರವನ್ನು ಅವರ ಮುಖದ ಮೇಲೆ ಹಿಡಿದು ಎಡ ಯಾವುದು ಬಲ ಯಾವುದು ಎಂದು ಕಲಿತೆ. "ಇಷ್ಟು ಹೊತ್ತು ಮಲಗಿಸ್ತೀಯಾದ್ರೆ ಒಂದು ದಿಂಬಾದ್ರೂ ಕೊಡು" ಎಂದರು. ಇನ್ನು ಮರೆಯುವುದಿಲ್ಲ.

ಮಣಿಯ ಉಪಾಯ ನನಗೂ ಹಿಡಿಸಿತು. ಇದಕ್ಕೆ ನೀಲಿ. ನಾಳ ಒಡೆದರೂ ಮಣಿ ಒಡೆಯುವುದಿಲ್ಲ, ಅಷ್ಟು ದಪ್ಪ ಮಾಡಿದ್ದೇನೆ. ಆ ಮೊದಲನೆಯದಕ್ಕೂ ಒಂದು ಕೆಂಪು ಮಣಿ ಇಟ್ಟಿದ್ದೇನೆ, ನೀವೇ ಅಂಟಿಸಿಕೊಳ್ಳಿ.

ಈಗ ಒಂದು ನಗುವ ಸುದ್ದಿ. ಈ ವಯಸ್ಸಿನಲ್ಲಿ ನಿನ್ನ ಭಾವನಿಗೆ ನನ್ನ ಮೇಲೆ ಪ್ರೀತಿ ಉಕ್ಕಿದೆ. ಗ್ಯಾಸ್ ಸಿಲಿಂಡರಿಗೆ ನಾನು ಕೈ ಹಾಕಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಾರೆ. "ಬಿಡು, ನಾನಿದ್ದೀನಲ್ಲ." ಬಕೆಟ್ಟು ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಮೊನ್ನೆ ಪಕ್ಕದ ಮನೆಯ ದರ್ಜಿಯವಳ ಜೊತೆ ನಾನು ಜಗಳಕ್ಕೆ ನಿಂತಿದ್ದೆ, ನನ್ನನ್ನು ತೋಳು ಹಿಡಿದು ಒಳಗೆ ಕರೆದುಕೊಂಡು ಬಂದರು. ಮೊದಲಾಗಿದ್ದರೆ ಬಾಗಿಲಲ್ಲಿ ನಿಂತು ತಮಾಷೆ ನೋಡುತ್ತಿದ್ದರು. ದರ್ಜಿಯವಳು ಆಮೇಲೆ ಕೇಳಿದಳು: "ಏನಕ್ಕಾ, ನಿಮ್ಮೆಜಮಾನ್ರಿಗೆ ಹೊಸದಾಗಿ ಮದುವೆ ಆಯ್ತಾ?" ನನಗೆ ನಾಚಿಕೆಯಾಯಿತು. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಈ ಸಲ ಗುಳ್ಳೆ ಎರಡು ಬಾರಿ ಒಡೆದು, ಮೂರನೇ ಬಾರಿಯ ಉಸಿರಿಗೆ ಕೂತಿತು.

ಅಕ್ಕ


ಮಾರ್ಚ್ ೩೦

ಅಕ್ಕ,

ಬರೆಯಲು ತಡವಾಯಿತು, ಬೈಯಬೇಡ. ಲ್ಯಾಬು ಬಿಟ್ಟು ಹೊರಗೆ ಬಂದಿದ್ದೇ ಕಡಿಮೆ.

ನೀಲಿ ಮಣಿಯ ನಾಳದಲ್ಲಿ ನಮ್ಮ ಹಿಂಡು ಮೊದಲ ಸಲ ಕೊನೆಯವರೆಗೆ ಹೋಯಿತು. ಎದುರು ಹರಿವಿನಲ್ಲಿ, ಗೋಡೆಗೆ ಅಂಟಿಕೊಳ್ಳದೆ, ಕವಲಿನಲ್ಲಿ ದಾರಿ ತಪ್ಪದೆ. ಗುಳ್ಳೆಯ ಕತ್ತಿನ ಹತ್ತಿರ ಸುಳಿಗೆ ಸಿಕ್ಕಿ ಕಾಲು ಭಾಗ ಚದುರಿತು, ಉಳಿದದ್ದು ಒಳಗೆ ಸೇರಿತು. ನಾನು ಕೂಗಿದ್ದು ಕೇಳಿ ಕಾವಲುಗಾರ ಓಡಿ ಬಂದ. ದೊಡ್ಡವರು ಆ ವಿಡಿಯೋವನ್ನು ಒಂದು ದೊಡ್ಡ ಸಭೆಯಲ್ಲಿ ತೋರಿಸಿದರು. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತಂತೆ. ಇಷ್ಟು ಕಷ್ಟದ, ಇಷ್ಟು ಸುಂದರವಾದ ತಿರುವನ್ನು ಬೇರೆ ಯಾವ ಲ್ಯಾಬೂ ದಾಟಿಲ್ಲ.

ಆ ದಾರಿ ನನಗೆ ಈಗ ನಮ್ಮ ಹಳೆಯ ಮನೆಯ ಮೆಟ್ಟಿಲಿನಷ್ಟು ಪರಿಚಯ. ಕಣ್ಣು ಮುಚ್ಚಿ ಹೋಗಬಲ್ಲೆ.

ಇನ್ನೊಂದು ಬೇಕು, ಹಳದಿ ಮಣಿಯದು. ಅವಸರವಿಲ್ಲ. ನೀನು ಹೇಗಿದ್ದೀಯೆ? ನಿದ್ದೆ ಸರಿಯಾಗಿ ಬರುತ್ತದೆಯೇ? ತಲೆನೋವು ಗಿಲೆನೋವು ಇಲ್ಲ ತಾನೆ? ಭಾವ ಸಿಲಿಂಡರ್ ಎತ್ತುತ್ತಿದ್ದರೆ ಎತ್ತಲಿ ಬಿಡು. ಗುಳ್ಳೆ ಊದುವಾಗ ಜೋರಾಗಿ ದಮ್ಮು ಕಟ್ಟಬೇಡ.

ಬುಗುರಿ


ಏಪ್ರಿಲ್ ೧೧

ಪ್ರೀತಿಯ ಬುಗುರಿ,

ಉಸಿರಿನ ಬಗ್ಗೆ ನನಗೆ ಪಾಠ ಹೇಳುವಷ್ಟು ದೊಡ್ಡವನಾದೆ. ಇರಲಿ. ತಲೆನೋವು ಆಗಾಗ ಬರುತ್ತದೆ, ಬರ್ನರಿನ ಮುಂದೆ ಕೂತವರಿಗೆ ಯಾರಿಗೆ ಬರುವುದಿಲ್ಲ?

ಹಳದಿಯದು ಕಳಿಸಿದ್ದೇನೆ. ಇದನ್ನು ಮಾಡುವಾಗ ಗೋಡೆಯ ಚಿತ್ರ ನೋಡಲೇ ಇಲ್ಲ. ಕೈಗೇ ದಾರಿ ಗೊತ್ತಾಗಿದೆ. ಅದೇ ಕಾರಣಕ್ಕೆ ಒಂದು ಮಾತು ಕೇಳಬೇಕೆನಿಸಿತು.

ಬುಗುಟಪ್ಪನವರಿಗೆ ಹೇಳಿದ್ದೀರಾ?

ನೀವೆಲ್ಲ ಅವರ ತಲೆಯೊಳಗೆ ಓಡಾಡುತ್ತಿದ್ದೀರಿ, ಸಭೆಯಲ್ಲಿ ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದೀರಿ. ಆ ಮನುಷ್ಯ ಎಲ್ಲೋ ಸಂತೆಗೆ ಹೋಗಿ ಬರುತ್ತಾ, ಬಸ್ಸಿಗೆ ಓಡುತ್ತಾ ಇರಬಹುದು. ನನ್ನ ಉಸಿರು ತುಂಬಿಸಿ ಆ ಗುಳ್ಳೆಯನ್ನು ಇಷ್ಟು ಸಲ ಮಾಡಿದ್ದೇನೆ, ಆ ಗೋಡೆ ಎಷ್ಟು ತೆಳ್ಳಗಿದೆ ಎಂದು ನನಗೆ ಗೊತ್ತು. ಅಮ್ಮ ಬಟ್ಟೆ ಒಣಹಾಕುತ್ತಾ ಹಾಗೇ ಕುಸಿದದ್ದು ನೆನಪಿದೆ ತಾನೆ? ನೀನು ಹಾಸ್ಟೆಲಿನಲ್ಲಿದ್ದೆ, ನೋಡಿದವಳು ನಾನು. ಕೈಯಲ್ಲಿ ಇನ್ನೂ ಕ್ಲಿಪ್ಪು ಹಿಡಿದುಕೊಂಡಿದ್ದಳು. ಮುಂಚೆಯೇ ಯಾರಾದರೂ ಹೇಳಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ಅವರಿಗೆ ಹೇಳಲಾಗದಿದ್ದರೆ ಅವರ ಮನೆಯವರಿಗಾದರೂ ಹೇಳಿ.

ಅಕ್ಕ


ಮೇ ೨

ಅಕ್ಕ,

ಹಳದಿ ಬಂತು. ನೀನು ಮಾಡಿದವುಗಳಲ್ಲಿ ಇದೇ ಉತ್ತಮ.

ಮನೆಯವರಿಗೆ ಗೊತ್ತಿದೆ. ರೋಗಿಗೆ ಹೇಳಿಲ್ಲ. ಹೇಳಿದರೆ ಹೆದರುತ್ತಾರೆ, ಹೆದರಿದರೆ ರಕ್ತದ ಒತ್ತಡ ಏರುತ್ತದೆ, ಆಗ ನಿಜವಾಗಿಯೂ ಅಪಾಯ. ಇಲ್ಲವಾದರೆ ಕಂಡ ಮೊದಲ ಸರ್ಜನ್ನಿನ ಹತ್ತಿರ ಹೋಗಿ ತಲೆ ಒಡ್ಡುತ್ತಾರೆ. ನಮಗೆ ಮನುಷ್ಯರ ಮೇಲೆ ಪ್ರಯೋಗಿಸಲು ಅನುಮತಿ ಸಿಗುವುದು ಇನ್ನೇನು ಬಾಗಿಲವರೆಗೆ ಬಂದಿದೆ. ಸಿಕ್ಕ ದಿನವೇ ಅವರೇ ಮೊದಲಿಗರು. ಅಲ್ಲಿಯವರೆಗೆ ಅವರು ನೆಮ್ಮದಿಯಾಗಿರಲಿ. ಅವರನ್ನು ನಾನು ನನ್ನ ಸ್ವಂತದವರಂತೆ ನೋಡಿಕೊಳ್ಳುತ್ತಿದ್ದೇನೆ, ನಂಬು.

ಗುಳ್ಳೆ ಬೆಳೆಯುತ್ತಿಲ್ಲ ಎಂದೇ ನಮ್ಮ ಲೆಕ್ಕಾಚಾರ.

ಇನ್ನೊಂದು ಮಾಡಿಡು. ಬಣ್ಣ ನಿನ್ನಿಷ್ಟ.

ಬುಗುರಿ


ಜೂನ್ ೫

ಬುಗುರಿ,

ಹಸಿರು ಮಣಿಯದು ಕಳಿಸಿದ್ದೇನೆ. ಈ ಸಲ ಸರಿಯಾಗಿ ನೋಡಿಕೊಂಡು ಮಾಡಿದ್ದೇನೆ. ನೋಡಿ, ಏನನಿಸಿತು ಎಂದು ಕೂಡಲೇ ಬರೆ. ಹತ್ತಿ ಜಾಸ್ತಿ ಇಟ್ಟಿದ್ದೇನೆ.

ಅಕ್ಕ


ಜೂನ್ ೧೧

ಅಕ್ಕ,

ಪೆಟ್ಟಿಗೆ ಬಂದ ದಿನವೇ ಬರೆಯುತ್ತಿದ್ದೇನೆ.

ಏನಾಯಿತು ನಿನ್ನ ಕೈಗೆ? ತಿರುವುಗಳೆಲ್ಲ ಕರಾರುವಾಕ್ಕಾಗಿವೆ, ಗುಳ್ಳೆ ಮಾತ್ರ ಚಿತ್ರದಲ್ಲಿ ಇದ್ದದ್ದಕ್ಕಿಂತ ದೊಡ್ಡದು. ಅದರ ನೆತ್ತಿಯ ಮೇಲೆ ಇನ್ನೊಂದು ಸಣ್ಣ ಮೊಗ್ಗು ಬೇರೆ. ಅದು ಎಲ್ಲಿಂದ ಬಂತು? ಊದುವಾಗ ಗಾಜು ಒಂದು ಕಡೆ ಹೆಚ್ಚು ಕಾದು ಉಬ್ಬಿರಬೇಕು. ದೊಡ್ಡವರು ನೋಡಿ, "ನಿಮ್ಮ ಅಕ್ಕನಿಗೆ ಕಲ್ಪನೆ ಜಾಸ್ತಿ" ಎಂದು ನಕ್ಕರು. ನನಗೂ ನಗು ಬಂತು. ತಮಾಷೆಗೆ ಇದರಲ್ಲೂ ಓಡಿಸಿ ನೋಡಿದೆವು. ಮೊಗ್ಗಿನೊಳಗೆ ಒಂದು ಕಣವೂ ಹೋಗಲಿಲ್ಲ, ಸುಳಿ ಎಲ್ಲವನ್ನೂ ಹೊರಗೆ ತಳ್ಳಿತು. ಪುಣ್ಯಕ್ಕೆ ನಿಜವಾದ ನಾಳ ಹೀಗಿಲ್ಲ.

ಬೇಸರ ಮಾಡಿಕೊಳ್ಳಬೇಡ. ಚಿತ್ರದ ಪ್ರಕಾರ ಇನ್ನೊಂದು ಮಾಡಿಕೊಡು. ನಿನ್ನ ಕಲ್ಪನೆ ಸೇರಿಸಬೇಡ.

ಬುಗುರಿ


ಜೂನ್ ೧೫

ಕಲ್ಪನೆಯಲ್ಲ. ನೋಡಿಕೊಂಡು ಮಾಡಿದ್ದೇನೆ ಎಂದು ಬರೆದಿದ್ದೆ.

ಮೇ ತಿಂಗಳ ಕೊನೆಯಲ್ಲಿ ತಲೆನೋವು ಮಾತ್ರೆಗೆ ಬಗ್ಗಲಿಲ್ಲ. ಇಲ್ಲಿಯ ಡಾಕ್ಟರ ಹತ್ತಿರ ಹೋದೆ, ಒಬ್ಬಳೇ. ನಿನ್ನ ಭಾವ ಬಸ್ಸಿನ ಡ್ಯೂಟಿಯ ಮೇಲಿದ್ದರು. ಡಾಕ್ಟರು ಮೃದುವಾಗಿ ಮಾತಾಡುವ, ಗಟ್ಟಿಯಾಗಿ ಹೇಳಿ ಎಂದರೆ ತಕ್ಷಣ ದನಿ ಏರಿಸುವ ಹೆಂಗಸು. "ಮನೇಲಿ ಯಾರಿಗಾದ್ರೂ ತಲೆಯಲ್ಲಿ ರಕ್ತನಾಳದ ತೊಂದರೆ ಇತ್ತಾ?" ಎಂದು ಕೇಳಿದರು. ಅಮ್ಮನ ವಿಷಯ ಹೇಳಿದೆ. ಮರುದಿನವೇ ಸ್ಕ್ಯಾನ್ ಮಾಡಿಸಿದರು.

ಆಮೇಲೆ ಅವರ ಕೋಣೆಯಲ್ಲಿ ಕೂರಿಸಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪು ಹಿನ್ನೆಲೆಯಲ್ಲಿ ಬೂದು ಬಣ್ಣದ ನಾಳಗಳು. ಅವರು ಬೆರಳಿನಿಂದ ಚಿತ್ರವನ್ನು ನಿಧಾನವಾಗಿ ತಿರುಗಿಸತೊಡಗಿದರು. ನನ್ನ ಕೈಗಳು ಮಡಿಲಲ್ಲಿದ್ದವು. ಅವು ತಾವಾಗಿಯೇ ತಿರುಗತೊಡಗಿದ್ದನ್ನು ನಾನು ಆಮೇಲೆ ಗಮನಿಸಿದೆ, ಬೆಂಕಿಯಲ್ಲಿ ಕೊಳವೆ ತಿರುಗಿಸುವ ಹಾಗೆ.

"ಈಗ ಹಿಂದಕ್ಕೆ ಬಾಗತ್ತೆ," ಎಂದೆ. "ಅಲ್ಲಿ ಸ್ವಲ್ಪ ಸಣ್ಣ ಆಗತ್ತೆ. ಕವಲು ಬಂದ ತಕ್ಷಣ ಉಬ್ಬು. ಎಡಗಡೆ."

ಅವರು ಬೆರಳು ನಿಲ್ಲಿಸಿದರು. "ಮುಂಚೆ ತೋರಿಸಿದ್ರಾ ಯಾರಾದ್ರೂ?"

"ಇಲ್ಲ," ಎಂದೆ. "ನಾನು ಇದನ್ನ ಮಾಡಿದ್ದೀನಿ."

ಅವರಿಗೆ ಅರ್ಥವಾಗಲಿಲ್ಲ. ಹೇಗೆ ಅರ್ಥವಾಗಬೇಕು? ಒಂದು ಲೋಟ ನೀರು ತರಿಸಿದರು. ಅಷ್ಟರಲ್ಲಿ ಚಿತ್ರ ಪೂರ್ತಿ ತಿರುಗಿ ನಿಂತಿತ್ತು. ಗುಳ್ಳೆ ನಾನು ಊದಿದ್ದಕ್ಕಿಂತ ದೊಡ್ಡದಾಗಿತ್ತು, ನೆತ್ತಿಯ ಮೇಲೆ ಒಂದು ಮೊಗ್ಗಿತ್ತು. "ಇದು ಬೆಳೀತಿರೋದರ ಗುರುತು," ಎಂದರು. "ತಡ ಮಾಡೋದು ಬೇಡ."

ಮನೆಗೆ ಬಂದು ಹಸಿರು ಮಣಿಯದನ್ನು ಮಾಡಿದೆ. ನೀನು ಅದನ್ನು ಕಂಡೊಡನೆ ರೈಲು ಹತ್ತಿ ಬರುತ್ತೀಯೆ, ಇಲ್ಲವೇ ಕಡೇಪಕ್ಷ "ಅಕ್ಕ, ಇದು ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳುತ್ತೀಯೆ ಎಂದುಕೊಂಡಿದ್ದೆ. ನಿಮ್ಮ ದೊಡ್ಡವರು ನಕ್ಕರಂತೆ. ನಿನಗೂ ನಗು ಬಂತಂತೆ.

ನಿನ್ನ ಕಾಗದವನ್ನು ನಿನ್ನ ಭಾವನ ಮುಂದೆ ಇಟ್ಟೆ. ಸ್ಕ್ಯಾನನ್ನೂ ಇಟ್ಟೆ. ಅವರು ಸ್ಕ್ಯಾನ್ ನೋಡಲಿಲ್ಲ, ನನ್ನ ಮುಖ ನೋಡಿದರು.

"ಗೊತ್ತಿತ್ತಾ?" ಎಂದೆ.

"ಬುಗುರಿ ಫೋನ್ ಮಾಡಿದ್ದ."

"ಯಾವಾಗ?"

"ಚಳಿಗಾಲದಲ್ಲಿ. ನಿನಗೆ ಹೇಳಬೇಡಿ ಅಂದ. ಗಾಬರಿ ಆದ್ರೆ ಒಡೆಯತ್ತೆ ಅಂದ. ಭಾರ ಎತ್ತಿಸಬೇಡಿ, ಸಿಟ್ಟು ಬರಿಸಬೇಡಿ, ಉಳಿದಿದ್ದು ನಾನು ನೋಡ್ಕೋತೀನಿ ಅಂದ. ಅಷ್ಟು ಓದಿದವನು, ನಿನ್ನ ಸ್ವಂತ ತಮ್ಮ. ನಾನು ಬಸ್ಸು ಓಡಿಸೋನು. ನಾನೇನು ಹೇಳ್ಲಿ?"

ಮನೆಯವರಿಗೆ ಗೊತ್ತಿದೆ ಎಂದು ಬರೆದಿದ್ದೆಯಲ್ಲ. ನೀನು ಸುಳ್ಳು ಬರೆದಿರಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು.

ಸಿಲಿಂಡರಿನ ವಿಷಯ ನಿನಗೆ ಎಷ್ಟು ಸಂಭ್ರಮದಿಂದ ಬರೆದಿದ್ದೆ! ಓದುವಾಗ ನಿನಗೆ ಏನನಿಸಿತು? ನನ್ನ ಗಂಡನಿಗೆ ನನ್ನ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿದೆ ಎಂದು ನಾನು ನಾಚಿಕೊಂಡಿದ್ದೆ. ನೀನು ಹೇಳಿಕೊಟ್ಟ ಪಾಠವನ್ನು ಅವರು ಒಪ್ಪಿಸುತ್ತಿದ್ದರು.


ಜೂನ್ ೧೯

ಅಕ್ಕ,

ಅಕ್ಷರ ಸರಿಯಿಲ್ಲದಿದ್ದರೆ ಕ್ಷಮಿಸು. ಈ ವಾರ ಭಾವನಿಗೆ ಎಷ್ಟೋ ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ. ಬರಲು ಹೊರಟಿದ್ದೆ, ನೀನು ಬಾಗಿಲು ತೆಗೆಯುವುದಿಲ್ಲ ಎಂದು ಭಯವಾಯಿತು.

ಹೌದು, ಆ ನಾಳ ನಿನ್ನದು. ಕಳೆದ ವರ್ಷ ನೀನು ಯಂತ್ರದೊಳಗೆ ಮಲಗಿದ್ದಾಗ ನಾನು ಪರದೆಯ ಮುಂದಿದ್ದೆ. ಅದು ಕಾಣಿಸಿದ ಗಳಿಗೆ ಅಮ್ಮನೇ ಎದುರಿಗೆ ಬಂದು ನಿಂತ ಹಾಗಾಯಿತು. ನೀನು ಹೊರಗೆ ಬಂದು ಚಪ್ಪಲಿ ಹುಡುಕುತ್ತಾ, "ಏನು ಸಿಕ್ಕಿತೋ ಒಳಗೆ?" ಎಂದೆ. ಖಾಲಿ ಎಂದು ಬಾಯಿಗೆ ಬಂತು. ಒಮ್ಮೆ ಹೇಳಿದ ಮೇಲೆ ವಾಪಸು ತೆಗೆದುಕೊಳ್ಳಲು ಆಗಲಿಲ್ಲ.

ನಾನು ಏಕೆ ಹೇಳಲಿಲ್ಲ ಎಂದು ನಿನಗೆ ಗೊತ್ತು. ಹೇಳಿದ್ದರೆ ನೀನು ಮರುದಿನವೇ ಆಪರೇಷನ್ನಿಗೆ ಒಪ್ಪಿಬಿಡುತ್ತಿದ್ದೆ. ಅಮ್ಮನಿಗೂ ನೀನೇ ಒಪ್ಪಿದ್ದು. ನಾನು ಬರುವವರೆಗೆ ಕಾಯಲಿಲ್ಲ. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ತಲೆಗೆ ಬಿಳಿ ಬಟ್ಟೆ ಸುತ್ತಿತ್ತು, ಕಣ್ಣು ತೆರೆಯಲೇ ಇಲ್ಲ. ನಾನು ಈ ಕೆಲಸಕ್ಕೆ ಸೇರಿದ್ದೇ ಅದಕ್ಕೆ. ಇನ್ನೊಮ್ಮೆ ನಮ್ಮ ಮನೆಯವರ ತಲೆಗೆ ಗರಗಸ ಮುಟ್ಟಬಾರದು.

ಅಕ್ಕ, ಪ್ರಪಂಚದಲ್ಲಿ ಆ ದಾರಿ ನನ್ನಷ್ಟು ಚೆನ್ನಾಗಿ ತಿಳಿದವರು ಯಾರೂ ಇಲ್ಲ. ಅನುಮತಿ ಈ ತಿಂಗಳಲ್ಲಿ ಬರುತ್ತದೆ. ಮೊಗ್ಗಿನ ಸಮಸ್ಯೆ ಬಗೆಹರಿಸಬಹುದು, ಸುರುಳಿಗಳ ಕೋನ ಬದಲಿಸಿ ನೋಡುತ್ತಿದ್ದೇವೆ, ಹಸಿರು ಮಣಿಯದರಲ್ಲೇ ಹಗಲೆಲ್ಲ ಓಡಿಸುತ್ತಿದ್ದೇನೆ. ನನಗೆ ಸ್ವಲ್ಪ ಸಮಯ ಕೊಡು. ನಿನ್ನ ಸಲುವಾಗಿಯೇ ಇದೆಲ್ಲ ಮಾಡಿದ್ದು. ನಿನಗೊಬ್ಬಳಿಗಾಗಿ.

ಭಾವನ ಮೇಲೆ ಸಿಟ್ಟು ಬೇಡ. ಅವರು ನನ್ನನ್ನು ನಂಬಿದರು, ಅಷ್ಟೇ.

ನಿನ್ನ
ಬುಗುರಿ


ಜೂನ್ ೨೩

ನನಗೊಬ್ಬಳಿಗಾಗಿ ಎಂದು ಬರೆದಿದ್ದೀಯೆ. ಸಭಾಂಗಣದಲ್ಲಿ ಎದ್ದು ನಿಂತವರು ಯಾರಿಗಾಗಿ ಚಪ್ಪಾಳೆ ಹೊಡೆದರು? ಇಷ್ಟು ಸುಂದರವಾದ ತಿರುವನ್ನು ಬೇರೆ ಯಾವ ಲ್ಯಾಬೂ ದಾಟಿಲ್ಲ ಎಂದು ಬರೆದದ್ದು ನೀನೇ. ಓದಿ ನಾನೂ ಹಿಗ್ಗಿದ್ದೆ.

ಅಮ್ಮನ ವಿಷಯ ನೀನು ಇವತ್ತು ಬಾಯಿಬಿಟ್ಟೆ. ಇಷ್ಟು ವರ್ಷ ನೀನು ನನ್ನ ಜೊತೆ ನಗುತ್ತಿದ್ದೆ, ನನ್ನ ಮನೆಯಲ್ಲಿ ಉಣ್ಣುತ್ತಿದ್ದೆ, ಇದು ಒಳಗೆ ಇತ್ತು. ಅವತ್ತು ಡಾಕ್ಟರು ನನಗೆ ಕೊಟ್ಟದ್ದು ಎರಡೇ ದಾರಿ. ಈಗಲೇ ತೆರೆಯಬೇಕು, ಇಲ್ಲವೇ ಸಂಜೆಯೊಳಗೆ ಹೋಗುತ್ತಾರೆ. ಅಮ್ಮನ ನಾಳ ಆಗಲೇ ಒಡೆದಿತ್ತು. ನನ್ನದು ಇನ್ನೂ ಒಡೆದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಈ ಊರಿನ ಡಾಕ್ಟರು ನನಗೆ ಒಂದೇ ಮಾತಿನಲ್ಲಿ ಹೇಳಿದರು: ಒಡೆಯುವ ಮೊದಲೇ ಮುಚ್ಚಿದರೆ ಬದುಕುವವರೇ ಹೆಚ್ಚು. ಅಯಸ್ಕಾಂತ ಓದಿದ ನಿನಗೆ ಅದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ನಿನ್ನ ತಿರುಪುಗಳ ಬಗ್ಗೆ ಅವರನ್ನು ಕೇಳಿದೆ. ನಗಲಿಲ್ಲ. "ಒಳ್ಳೆಯ ಕೆಲಸ, ಒಂದು ದಿನ ಬರತ್ತೆ," ಎಂದರು. "ನಿಮಗೆ ಆ ದಿನದವರೆಗೆ ಸಮಯ ಇಲ್ಲ." ಕಳೆದ ವರ್ಷವೇ ಬಂದಿದ್ದರೆ ಮೊಗ್ಗು ಇರುತ್ತಿರಲಿಲ್ಲ, ಕೆಲಸ ಸುಲಭವಿರುತ್ತಿತ್ತು ಎಂದೂ ಹೇಳಿದರು. ಈಗ ಅಪಾಯ ಇದೆ. ಬಲಗೈ ಮೊದಲಿನಂತೆ ಇರದೆ ಹೋಗಬಹುದು. ಅದನ್ನು ನನಗೆ ನೇರವಾಗಿ, ಮುಖ ನೋಡಿ ಹೇಳಿದರು. ಹಾಗೆ ಯಾರಾದರೂ ಹೇಳಿ ಎಷ್ಟೋ ಕಾಲವಾಗಿತ್ತು.

ಒಪ್ಪಿಕೊಂಡೆ. ಮುಂದಿನ ವಾರ. ನೀನು ಬರಬೇಡ.

ಒಂದು ಕೆಲಸ ಮಾಡು. ನಾನು ಕಳಿಸಿದ ಗಾಜುಗಳನ್ನೆಲ್ಲ ಒಡೆದು ಚೂರುಗಳನ್ನು ಇಲ್ಲಿಗೆ ಕಳಿಸು. ಎಲ್ಲವನ್ನೂ. ಅದು ನನ್ನ ತಲೆಯ ಒಳಭಾಗ. ನಾನು ಒಪ್ಪಿ ಕೊಟ್ಟದ್ದಲ್ಲ.


ಜುಲೈ ೬

ಅಕ್ಕ,

ಮುಗಿಯಿತಾ? ಹೇಗಿದ್ದೀಯೆ? ಭಾವನಿಂದ ಒಂದು ಮಾತೂ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ ಮನೆಯವರಿಗೆ ಮಾತ್ರ ಹೇಳುತ್ತೇವೆ ಎಂದರು. ನಾನು ತಮ್ಮ ಎಂದೆ. ನಮ್ಮ ಹತ್ತಿರ ಗಂಡನ ಹೆಸರು ಮಾತ್ರ ಇದೆ ಎಂದರು.

ಒಂದು ಸಾಲು ಬರೆ.

ಬುಗುರಿ


ಜುಲೈ ೨೪

ಅಕ್ಕ,

ನಿನ್ನ ಪಕ್ಕದ ಮನೆಯ ದರ್ಜಿಯವರಿಗೆ ಫೋನ್ ಮಾಡಿದೆ. "ಇದ್ದಾರೆ, ಗಂಜಿ ಕುಡಿದ್ರು, ನಿಮ್ಮ ಹೆಸರು ತೆಗೀಬೇಡಿ ಅಂದ್ರು," ಎಂದು ಇಟ್ಟುಬಿಟ್ಟರು. ಅಷ್ಟು ಕೇಳಿ ಮೆಟ್ಟಿಲ ಮೇಲೆ ಕೂತು ಅತ್ತೆ. ನೀನಿದ್ದೀಯೆ, ಅದು ಸಾಕು.

ಅನುಮತಿ ಬಂದಿದೆ. ಮೊದಲ ರೋಗಿ ಬೇರೆ ಯಾರೋ. ನನಗೆ ಅವರ ಮುಖ ನೋಡಲು ಧೈರ್ಯವಿಲ್ಲ.

ಬುಗುರಿ


ಆಗಸ್ಟ್ ೧೮

ಅಕ್ಕ,

ಇದರ ಜೊತೆಗಿರುವ ಪೆಟ್ಟಿಗೆಯಲ್ಲಿ ಚೂರುಗಳಿವೆ. ನೀನು ಹೇಳಿದಂತೆ ಎಲ್ಲವನ್ನೂ ನನ್ನ ಕೈಯಾರೆ ಒಡೆದೆ. ಒಂದನ್ನೂ ಉಳಿಸಿಕೊಂಡಿಲ್ಲ. ಒಡೆಯುವಾಗ ಎಷ್ಟು ಸಣ್ಣ ಸದ್ದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹತ್ತಿ ನಿನ್ನದೇ.

ಇನ್ನಾದರೂ ನನ್ನನ್ನು ನಂಬುತ್ತೀಯಾ?

ನಿನ್ನ ತಮ್ಮ


ಅಕ್ಟೋಬರ್ ೩

ಅಕ್ಷರ ವಕ್ರವಾಗಿದ್ದರೆ ಅದು ಕೈಯಿಂದ, ಸಿಟ್ಟಿನಿಂದಲ್ಲ. ಬಲಗೈಯ ಎರಡು ಬೆರಳು ಇನ್ನೂ ಹೇಳಿದ ಮಾತು ತಡವಾಗಿ ಕೇಳುತ್ತವೆ. ಡಾಕ್ಟರು ಹೇಳಿದ್ದರು, ಹಾಗೇ ಆಯಿತು. ದಿನಾ ಖಾಲಿ ಕೊಳವೆ ಹಿಡಿದು ಬೆಂಕಿಯಿಲ್ಲದೆ ತಿರುಗಿಸುತ್ತೇನೆ. ಹೋದ ವಾರ ಮೊದಲ ಸಲ ಬರ್ನರ್ ಹಚ್ಚಿ ಒಂದು ನೇರ ನಳಿಕೆ ಎಳೆದೆ. ಸ್ವಲ್ಪ ಸೊಟ್ಟ. ಇದನ್ನು ನಿನ್ನ ಗೆಲುವು ಎಂದು ಬರೆದುಕೊಳ್ಳಬೇಡ. ಬೆರಳು ನಿಧಾನವಾಗಿದ್ದು ಗರಗಸದಿಂದ ಎಷ್ಟೋ, ನೀನು ಸುಮ್ಮನಿದ್ದ ಆ ವರ್ಷದಿಂದ ಎಷ್ಟೋ, ಬೇರೆ ಮಾಡಿ ತೋರಿಸುವವರು ಯಾರೂ ಇಲ್ಲ.

ಗ್ಯಾಸ್ ಸಿಲಿಂಡರ್ ಎತ್ತಲು ನಿನ್ನ ಭಾವ ಈಗಲೂ ಬರುತ್ತಾರೆ. "ಈಗ ಯಾಕೆ?" ಎಂದು ಕೇಳಿದೆ. "ಅಭ್ಯಾಸ ಆಗಿಹೋಯ್ತು," ಎಂದರು. ಎತ್ತಲು ಬಿಟ್ಟೆ. ನಮ್ಮಿಬ್ಬರ ನಡುವೆ ಸದ್ಯಕ್ಕೆ ಅಷ್ಟೇ ಮಾತು. ಎದುರಿಗೆ ಕೂತು ಸುಮ್ಮನಿರಬಹುದು. ದೂರದವನ ಜೊತೆ ಅದೂ ಆಗುವುದಿಲ್ಲ.

ಪೆಟ್ಟಿಗೆ ಬಂದು ತಿಂಗಳಾಗಿತ್ತು. ನಿನ್ನೆ ಬಿಚ್ಚಿದೆ. ಬೆಂಚಿನ ಮೇಲೆ ಹಳೆಯ ಬಟ್ಟೆ ಹಾಸಿ, ಚೂರುಗಳನ್ನು ಸುರಿದು, ಎಡಗೈಯಿಂದ ಒಂದೊಂದೇ ಬೇರೆ ಮಾಡಿದೆ. ನಿನಗೆ ನೆನಪಿಲ್ಲವೆಂದು ಕಾಣುತ್ತದೆ, ನಾಳ ಒಡೆದರೂ ಮಣಿ ಒಡೆಯುವುದಿಲ್ಲ. ಕೆಂಪು ಇತ್ತು, ನೀಲಿ ಇತ್ತು, ಹಳದಿ ಇತ್ತು.

ಹಸಿರು ಇಲ್ಲ.

ಹತ್ತಿಯನ್ನು ಬಿಡಿಸಿ ಬಿಡಿಸಿ ನೋಡಿದೆ. ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿದೆ. ಬೆಂಚಿನ ಕೆಳಗೆ ಮೊಣಕಾಲೂರಿ ಹುಡುಕಿದೆ. ಅಲ್ಲಿ ಬಿದ್ದಿರಲಿ ಎಂದು ನಾನು ಎಷ್ಟು ಆಸೆಪಟ್ಟೆ ಎಂದು ನಿನಗೆ ಹೇಳಲಾರೆ.

ಒಂದನ್ನು ಇಟ್ಟುಕೊಂಡಿದ್ದೇನೆ, ಒಡೆಯಲು ಮನಸ್ಸಾಗಲಿಲ್ಲ ಎಂದು ಬರೆದಿದ್ದರೆ ಬಹುಶಃ ಸರಿ ಎನ್ನುತ್ತಿದ್ದೆ. ನೀನು ಬರೆದದ್ದು ಎಲ್ಲವನ್ನೂ ಎಂದು, ಕೈಯಾರೆ ಎಂದು. ಬರೆದು, ನಂಬುತ್ತೀಯಾ ಎಂದು ಕೇಳಿದೆ.

ವಾಪಸು ಕಳಿಸಬೇಡ. ಇಟ್ಟುಕೋ. ಆದರೆ ಒಂದು ವಿಷಯ ತಿಳಿದಿರಲಿ. ಡಾಕ್ಟರು ಆ ಗುಳ್ಳೆಯ ಕತ್ತಿಗೆ ಒಂದು ಪುಟ್ಟ ಲೋಹದ ಕ್ಲಿಪ್ಪು ಹಾಕಿ ಮುಚ್ಚಿದ್ದಾರೆ. ಹೊಸ ಸ್ಕ್ಯಾನಿನಲ್ಲಿ ನಾನೇ ನೋಡಿದೆ. ಕಾಲಿನ ಕಡೆ ನಿಂತು ನೋಡುವುದನ್ನು ಮರೆತಿಲ್ಲ. ಗುಳ್ಳೆಯೂ ಇಲ್ಲ, ಮೊಗ್ಗೂ ಇಲ್ಲ. ನಾಳ ಅಲ್ಲಿ ಸುಮ್ಮನೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ನೀನು ಕಣ್ಣು ಮುಚ್ಚಿ ಹೋಗಬಲ್ಲ ಆ ದಾರಿ ಈಗ ಯಾರ ತಲೆಯಲ್ಲೂ ಇಲ್ಲ. ನಿನ್ನ ತೊಟ್ಟಿಯಲ್ಲಿ ಮಾತ್ರ ಇದೆ, ದ್ರವ ತುಂಬಿದರೆ ಅಲ್ಲೂ ಕಾಣುವುದಿಲ್ಲ. ಮಣಿ ಕಾಣುತ್ತದೆ. ಅದರ ಸುತ್ತ ನಿನ್ನ ತಿರುಪುಗಳನ್ನು ಎಷ್ಟು ಬೇಕೋ ಅಷ್ಟು ತಿರುಗಿಸಿಕೋ.

ಗಾಜಿನ ಕೆಲಸದವಳು